ಹಿತ್ತಲದ ಬಾಣಂತಿ ಕೋಲಿ

ನನ್ನ ಮಗಳು ಮೊದಲ ಸಲ ಬಸರಾದ ಸುದ್ದಿ ಬಂದಾಗ ನಾ ನೋಡಿದ್ದು ದೇವರ ಫೋಟೊ ಅಲ್ಲ, ನಮ್ಮ ಹಿತ್ತಲ. ಖರೆ ಹೇಳ್ತೀನಿ. ಫೋನ್ ಇನ್ನಾ ಕಿವಿಗೇ ಇತ್ತು, ಆಕಿ ಸೇಡಂನಿಂದ "ಅವ್ವಾ, ಕೇಳ್ಲಿಕತ್ತೀಯೋ ಇಲ್ಲೋ" ಅಂತ ಒದರ್ಲಿಕತ್ತಿದ್ಲು, ನಾ ಹಿಂದಿನ ಬಾಗಿಲದಾಗ ನಿಂತು ಬಾಣಂತಿ ಮಲಗೋ ಒಂದು ಕೋಲಿಗೆ ಎಷ್ಟು ಜಾಗಾ ಬೇಕಾಗ್ತದಂತ ಕಣ್ಣಲೇ ಅಳೀಲಿಕತ್ತಿದ್ದೆ. ಅಲ್ಲಿ ತೊಗರಿ ಕಟಗಿ ಒಟ್ಟಿದ್ದೆ, ಮೂಲ್ಯಾಗ ಒಂದು ಕರಿಬೇವಿನ ಗಿಡ ಇತ್ತು. ಕಟಗಿ ಸರಸಬಹುದು, ಗಿಡ ಇರ್ಲಿ ಅಂತ ಅವಾಗೇ ಮನಸಿನಾಗ ಮಾಡ್ಕೊಂಡೆ.

ನಮ್ಮದು ಶಹಾಬಾದದಾಗ ಸಣ್ಣ ಮನಿ. ಮುಂದ ಒಂದು ಪಡಸಾಲಿ, ಒಳಗ ಒಂದು ಅಡಗಿಮನಿ, ಮುಗೀತು. ಪಡಸಾಲಿ ಅನ್ನೋದು ಹೆಸರಿಗೆ, ಅಲ್ಲಿ ಸಾಲಾಗಿ ಒಲಿ ಹೂಡೀನಿ. ನಾ ರೊಟ್ಟಿ ಮಾಡಿ ಮಾರಾಕಿ. ನಸಕಿನಾಗ ಒಲಿ ಹೊತ್ತಸ್ತೀನಿ, ಓಣ್ಯಾಗಿನ ನಾಕು ಹೆಣ್ಮಕ್ಳು ಬರ್ತಾರ, ಎಲ್ಲಾರೂ ಕೂಡಿ ಬಡೀತೀವಿ. ಬಿಳಿಜೋಳದ ಖಡಕ್ ರೊಟ್ಟಿ ಗಂಟು ಕಟ್ಟಿ ವಾಡಿ ಜಂಕ್ಷನ್ನಿಗೆ ರೈಲಿನಾಗ ಕಳಸ್ತೀನಿ, ಚಿತ್ತಾಪುರದ ಖಾನಾವಳಿಯವರು ತಾವೇ ಬಂದು ಒಯ್ತಾರ. ಲಗ್ನದ ದಿನದಾಗಂತೂ ಊಟ ಮಾಡ್ಲಿಕ್ಕೆ ಪುರಸೊತ್ತ ಇರಂಗಿಲ್ಲ. ನಮ್ಮ ಮನಿಯವರು ಪರ್ಸಿ ಕಲ್ಲು ಕೂಡಸೋ ಮಿಸ್ತ್ರಿ. ನೆಲ ಅಗದ್ರ ಹಾಸಿಗಿ ಹಾಸಿದಂಗ ಕಲ್ಲು ಬರೋ ಊರಾಗ ಹುಟ್ಟಿದವರು, ಆ ಕಲ್ಲನ್ನ ಮಂದಿ ಮನ್ಯಾಗ ನೆಲಾ ಮಾಡಿಕೋತ ಬಂದಾರ. ಇಬ್ಬರೂ ದುಡದು, ಬ್ಯಾಂಕಿನಾಗ ಸಾಲಾ ತಗದು ಈ ಮನಿ ತಗೊಂಡೇವಿ. ಕಾಗದ ಬ್ಯಾಂಕಿನಾಗ ಅವ, ಕೀಲಿ ನಮ್ಮ ಕೈಯಾಗ ಅದ. ಇವತ್ತಿನ ತನಕ ಒಂದು ಕಂತು ತಪ್ಪಿಸಿಲ್ಲ ನೋಡ್ರಿ. ಮೈಯಾಗ ಜ್ವರ ಇದ್ರೂ ಹೋಗಿ ಕಟ್ಟಿ ಬಂದೀನಿ.

ಚೊಚ್ಚಲ ಹೆರಿಗಿ ತವರಮನ್ಯಾಗ ಆಗ್ಬೇಕು. ಇದು ನಮ್ಮ ಕಡಿ ಯಾರೂ ಕೇಳಂಗಿಲ್ಲ, ಯಾರೂ ಹೇಳಂಗಿಲ್ಲ, ಹಂಗೇ ನಡೀತದ. ಏಳನೇ ತಿಂಗಳದಾಗ ಕುಬಸ ಮಾಡ್ತಾರ, ಉಡಿ ತುಂಬ್ತಾರ, ತಾಯಿ ಹೋಗಿ ಮಗಳನ್ನ ಕರ್ಕೊಂಡ ಬರ್ತಾಳ. ಗಂಡನ ಮನ್ಯಾಗ ಎಷ್ಟು ಚಂದ ನೋಡ್ಕೊಂಡ್ರೂ ಬಾಣಂತಿಗೆ ಎಣ್ಣಿ ಹಚ್ಚಿ ನೀರು ಎರಿಯೋ ಕೈ ಅವ್ವಂದೇ ಇರ್ಬೇಕು. ಆಕಿ ಮುಂದ ಅತ್ತರೂ ನಡೀತದ, ಸಿಟ್ಟಾದ್ರೂ ನಡೀತದ, ಕೂಸಿನ್ನ ಆಕಿ ಉಡ್ಯಾಗ ಹಾಕಿ ಮಧ್ಯಾಹ್ನ ತನಕ ಮಲಗಿದ್ರೂ ನಡೀತದ.

ಸಿಹಿ ಕಟ್ಕೊಂಡು ಸೇಡಂಗೆ ಹೋದೆ. ನಮ್ಮ ಬೀಗತಿ, ಅಂದ್ರ ಮಗಳ ಅತ್ತಿ, ಕೆಟ್ಟಾಕಿ ಅಲ್ಲ. ನನಕಿಂತ ಎಂಟ್ಹತ್ತು ವರ್ಷ ದೊಡ್ಡಾಕಿ, ಮನಿ ತುಂಬ ಆಳಿದಾಕಿ, ಮಾತು ಮಾತ್ರ ಭಾಳ ಬಿರುಸು. ಓಣಿ ಹೆಣ್ಮಕ್ಳು ಕುಂತಿದ್ರು, ಚಾ ಕುಡೀಲಿಕತ್ತಿದ್ವಿ, ಅವರ ಮುಂದೇ ಕೇಳಿದ್ಲು:

"ಕರ್ಕೊಂಡ ಹೋಗ್ತೀರಿ ಖರೆ, ಮಲಗಸೋದು ಎಲ್ಲಿ? ಒಲಿ ಮುಂದೇನು?"

"ಹಿತ್ತಲದಾಗ ಒಂದು ಕೋಲಿ ಹಾಕಸ್ತೀನಿ ಅಕ್ಕಾ" ಅಂದೆ.

"ಎರಡು ತಗಡಿನ ಪತ್ರಾ ಹೊಚ್ಚಿ ಕೋಲಿ ಅಂದ್ರ ನಾ ಒಪ್ಪಂಗಿಲ್ಲ ನೋಡ್ರಿ. ಹೆರಿಗಿ ಬರೋದು ಬ್ಯಾಸಗ್ಯಾಗ. ಪತ್ರಾದ ಕೆಳಗ ತಾಯಿ-ಕೂಸು ಎರಡೂ ಬೇಯ್ತಾವ. ಗಟ್ಟಿ ಮಾಳಗಿ ಇರೋ ಕೋಲಿ ತೋರಸ್ರಿ, ಕಳಸ್ತೀನಿ. ಇಲ್ಲಂದ್ರ ಬಾಣಂತನ ಇಲ್ಲೇ ಆಗ್ಲಿ, ನಾನೇ ಮಾಡ್ತೀನಿ."

ನನ್ನ ಮಗಳು ಅಡಗಿಮನಿ ಬಾಗಿಲದಾಗ ನಿಂತು ಸೀರಿ ಸೆರಗು ಹಿಂಡ್ಲಿಕತ್ತಿದ್ಲು. ಬೀಗತಿ ಹೇಳಿದ್ದರಾಗ ತಪ್ಪೇನಿತ್ತು? ನಮ್ಮ ಬಿಸಲು ಎಂಥಾದ್ದಂತ ನನಗ ಗೊತ್ತಿಲ್ಲೇನು? ತಪ್ಪಿಲ್ಲ ಅನ್ನೋದಕ್ಕೇ ನನಗ ಹೆಚ್ಚು ಸಿಟ್ಟು ಬಂತು. "ತೋರಸ್ತೀನಿ ತಗೋರಿ ಅಕ್ಕಾ, ನೀವೇ ಬಂದು ನೋಡೀರಂತ" ಅಂದು ಚಾದ ಬಶಿ ಕೆಳಗಿಟ್ಟೆ.

ಮರುದಿನಾನೇ ಬ್ಯಾಂಕಿಗೆ ಹೋದೆ. ಎದುರು ಮನಿ ಕಾಕುನ್ನೂ ಜೋಡಿ ಕರ್ಕೊಂಡಿದ್ದೆ. ಕಾಕು ಅಂದ್ರ ನಮಗೇನೂ ರಕ್ತ ಸಂಬಂಧ ಅಲ್ಲ. ಓಣಿಗೆಲ್ಲಾ ಕಾಕು, ಹೆರಿಗಿ ಇರ್ಲಿ, ಮಣ್ಣಿರ್ಲಿ, ಮೊದಲ ಬಂದು ಕುಂದ್ರಾಕಿ. ಮ್ಯಾನೇಜರ್ ಸಾಹೇಬರು ಕುಂದ್ರ್ರಿ ಅಂದ್ರು, ಕಂಪ್ಯೂಟರಿನಾಗ ನಮ್ಮ ಸಾಲ ತಗದು ನೋಡಿದ್ರು. "ಒಂದು ಕಂತೂ ತಪ್ಪಿಲ್ಲಲ್ಲಮ್ಮ, ಶಭಾಷ್" ಅಂದ್ರು. ಕಾಕು ನನ್ನ ಮೊಣಕೈಗೆ ತಿವಿದ್ಲು. ಇದ್ದ ಸಾಲದ ಮ್ಯಾಲ ಇನ್ನಷ್ಟು ಕೊಡೋದು ಅದ, ಟಾಪ್-ಅಪ್ ಅಂತಾರ, ಅರ್ಜಿ ಕೊಟ್ಟು ಹೋಗ್ರಿ, ನಮ್ಮವರೊಬ್ಬರು ಮನಿಗೆ ಬಂದು ನೋಡ್ತಾರ ಅಂತ ಹೇಳಿದ್ರು. ನಾ ಹೆಬ್ಬಟ್ಟಲ್ಲ, ಸಹಿ ಮಾಡಾಕಿ. ದೊಡ್ಡದಾಗಿ ಸಹಿ ಮಾಡಿ ಬಂದೆ.

ಈಗ ಇಲ್ಲೊಂದು ಮಾತು ಹೇಳ್ಬೇಕು, ಇಲ್ಲಂದ್ರ ನಾವು ಮಾಡಿದ್ದು ನಿಮಗ ಹುಚ್ಚಂತ ಅನಸ್ತದ. ನಮ್ಮ ಕಡಿ ಗಳಿಕಿ ಎಷ್ಟಂತ ಯಾರೂ ಬಾಯಿ ಬಿಟ್ಟು ಹೇಳಂಗಿಲ್ಲ. ಹೇಳಿದ್ರ ಮಂದಿ ಕಣ್ಣು ಬಿದ್ದು ನದರಾಗ್ತದ. ಸೇಡಂ ಬಾಜೂದ ಮುಧೋಳ ಕಡಿ ಹೊಲದವರನ್ನ ಕೇಳ್ರಿ, ಕಣ ತುಂಬ ತೊಗರಿ ಬಿದ್ದಿರ್ತದ, "ಎಲ್ಲಿ ಬೆಳೀರಿ, ಅರ್ಧ ಹುಳಾನೇ ತಿಂತು" ಅಂತಾರ. ಎಮ್ಮಿ ಎಷ್ಟು ಹಾಲು ಕೊಡ್ತದ ಅಂದ್ರ "ಚಾಕ್ಕ ಆಗ್ತದ ನೋಡ್ರಿ" ಅಂತಾರ. ಮಗ ನೌಕ್ರಿ ಮಾಡ್ಲಿಕತ್ತಿದ್ರ "ಏನೋ, ಅವನ ಹೊಟ್ಟಿ ಅವ ಹೊರಕೋತಾನ" ಅಂತಾರ. ಕೂಸು ಚಂದ ಇದ್ರ ಗಲ್ಲಕ್ಕ ಕರಿ ಬೊಟ್ಟು ಇಡೋದಿಲ್ಲೇನು, ಹಂಗೇ ಗಳಿಕಿಗೂ ನಾವು ಬಾಯಿಲೆ ಕರಿ ಬೊಟ್ಟು ಇಡ್ತೀವಿ. ಇದು ಸುಳ್ಳು ಅಂತ ಯಾರಿಗೂ ಅನಸಂಗಿಲ್ಲ.

ಮನಿ ನೋಡ್ಲಿಕ್ಕೆ ಬ್ಯಾಂಕಿನ ಸಾಹೇಬರು ಬಂದಾಗ ಒಲಿ ಮ್ಯಾಲ ರೊಟ್ಟಿ ಉಬ್ಬಲಿಕತ್ತಿದ್ವು. ಅವರು ಓಣಿ ತುದಿಗೆ ಗಾಡಿ ನಿಲ್ಲಿಸಿ ಮನಿ ಯಾವುದಂತ ಕೇಳಿದ್ದು ಕಾಕುಗೇ. ಕಾಕು ಅವರಿಗೆ ಉದ್ದನ್ನ ದಾರಿ ತೋರ್ಸಿ, ತಾನು ಸಂದಿಯಿಂದ ಓಡಿ ಬಂದ್ಲು. "ಬಂದ್ರು, ಬಂದ್ರು" ಅಂದಾಕಿನೇ ಎರಡು ಒಲಿಗೆ ನೀರು ಗೊಜ್ಜಿದ್ಲು. ಕಟ್ಟಿಟ್ಟ ರೊಟ್ಟಿ ಗಂಟಿನ ಮ್ಯಾಲ ಚಾದರ ಹೊಚ್ಚಿದ್ಲು. ಬಡೀಲಿಕತ್ತ ಹೆಣ್ಮಕ್ಳಿಗೆ "ಏಳ್ರಿ, ಏಳ್ರಿ, ನೀವೆಲ್ಲಾ ಸುಮ್ಮ ಕುಂಡ್ರಲಿಕ್ಕೆ ಬಂದವರು" ಅಂತ ಗ್ವಾಡಿಗೆ ಕುಂದ್ರಿಸಿದ್ಲು. ಪಡಸಾಲಿ ತುಂಬ ಹೊಗಿ. ಸಾಹೇಬರು ಕಣ್ಣು ಒರಸಿಕೋತ ಒಳಗ ಬಂದ್ರು.

"ತಿಂಗಳಾ ಎಷ್ಟು ಬರ್ತದ್ರಿ ಇದರಾಗ?" ಅಂತ ನನ್ನ ಕೇಳಿದ್ರು.

ನನ್ನ ಬಾಯಿ ತಾನೇ ಅಂತು: "ಎಲ್ಲಿ ಬರ್ತದ್ರಿ ಸಾಹೇಬರ, ಹೊಟ್ಟಿ-ಬಟ್ಟಿಗೆ ಆದ್ರ ಸಾಕಾಗ್ಯಾದ."

ಅಷ್ಟಕ್ಕೇ ಬಿಟ್ಟಿದ್ರೂ ಹೋಗ್ತಿತ್ತು. ಕಾಕು ಬಿಡ್ಬೇಕಲ್ಲ! ಸೆರಗು ಕಣ್ಣಿಗೆ ಒತ್ತಿ ಸುರು ಹಚ್ಚಿದ್ಲು: "ಏನ್ ಹೇಳ್ಲಿ ಸಾಹೇಬರ, ಈ ಓಣ್ಯಾಗ ಇಷ್ಟು ಬಡವಿ ಯಾರೂ ಇಲ್ಲ. ಗಂಡಗ ಒಂದಿನ ಕೆಲಸ ಇದ್ರ ನಾಕು ದಿನ ಇಲ್ಲ. ಇಕಿ ಎರಡು ರೊಟ್ಟಿ ಬಡದ್ರ ಒಂದು ಮಾರಿ ಒಂದು ತಿಂತಾಳ. ನೀವು ಕೊಡ್ಲಿಲ್ಲಂದ್ರ ಇಕಿಗೆ ಗತಿಯಿಲ್ಲ." ಗ್ವಾಡಿಗೆ ಕುಂತ ಹೆಣ್ಮಕ್ಳೆಲ್ಲಾ "ಹೌದ್ರಿ, ಖರೆ ಅದರಿ, ಭಾಳ ತ್ರಾಸ ಅದರಿ" ಅಂತ ಗೋಣ ಹಾಕಿದ್ರು. ಅವರ ಕೈ ತುಂಬ ಜೋಳದ ಹಿಟ್ಟು ಮೆತ್ತಿಕೊಂಡಿತ್ತು.

ಸರ್ಕಾರದ ಮನಿ ಬಂದಾಗ, ಪಡಿತರ ಕಾರ್ಡು ಕೊಡುವಾಗ, ಬಡತನ ನೋಡೇ ಕೊಡ್ತಾರ. ಕಾಕು ತನ್ನ ಜನ್ಮದಾಗ ನೋಡಿದ್ದು ಅಂಥಾ ಸಾಹೇಬರನ್ನೇ. ಇವರೂ ಅವರ ಪೈಕಿನೇ ಅಂತ ತಿಳಿದ್ಲು, ನಾನೂ ತಿಳಿದೆ. ಸಾಹೇಬರು ಭಾಳ ಮರ್ಯಾದಿ ಮನಷ್ಯ, ಎಲ್ಲಾ ಬರ್ಕೊಂಡ್ರು. ಹೋಗುವಾಗ ಕಾಕುಗೆ "ಅಳಬ್ಯಾಡ್ರಿ ಅಮ್ಮಾ" ಅಂತ ಸಮಾಧಾನಾನೂ ಮಾಡಿದ್ರು. ಅವರು ಗಾಡಿ ಹತ್ತಿದ್ದೇ ತಡ, ಕಾಕು ನಡಕ್ಕ ಕೈ ಇಟ್ಟು "ಹ್ಯಾಂಗ ಹೇಳಿದೆ? ಇನ್ನ ಕೊಡ್ಲಿಲ್ಲಂದ್ರ ನನ್ನ ಕೇಳು" ಅಂದ್ಲು. ನಾ ಗಟ್ಟಿ ಹಾಲು ಹಾಕಿ ಆಕಿಗೊಂದು ಚಾ ಮಾಡಿ ಕೊಟ್ಟೆ. ಆರಿದ ಒಲಿ ತಿರಗಿ ಹೊತ್ತಸ್ಲಿಕ್ಕೆ ಅವತ್ತು ಸಾಕು ಸಾಕಾಗಿ ಹೋತು.

ಬ್ಯಾಂಕಿನಿಂದ ಫೋನ್ ಬಂತು. ಹೋದ್ವಿ.

"ಬರಂಗಿಲ್ಲಮ್ಮ" ಅಂದ್ರು ಮ್ಯಾನೇಜರ್ ಸಾಹೇಬರು. "ನಿಮ್ಮ ಆದಾಯ ಭಾಳ ಕಡಿಮಿ ಅದ. ಈಗಿನ ಕಂತೇ ಹ್ಯಾಂಗ ಕಟ್ಲಿಕತ್ತೀರೋ ನಮಗ ಆಶ್ಚರ್ಯ. ಇನ್ನಷ್ಟು ಸಾಲಾ ಕೊಡ್ಲಿಕ್ಕೆ ಆಗಂಗಿಲ್ಲ."

"ಬಡವರಿಗೆ ಕೊಡ್ಲಿಲ್ಲಂದ್ರ ಮತ್ಯಾರಿಗೆ ಕೊಡ್ತೀರಿ?" ಅಂದ್ಲು ಕಾಕು.

"ಅಮ್ಮಾ, ಇದು ಸರ್ಕಾರದ ಮನಿ ಅಲ್ಲ. ಇಲ್ಲಿ ತಿರಗಿ ಕಟ್ಟೋ ತಾಕತ್ತು ನೋಡ್ತಾರ."

ಅದು ಕೇಳಿ ನನಗ ಎಲ್ಲಿತ್ತೋ ಸಿಟ್ಟು! ಸಾಹೇಬರ ಮ್ಯಾಲಲ್ಲ, ಕಾಕು ಮ್ಯಾಲಲ್ಲ. ನನ್ನ ದುಡಿಮಿನ್ನ ನಾನೇ ಚಾದರದ ಕೆಳಗ ಮುಚ್ಚಿ ಕೂಡಿಸಿದ್ನಲ್ಲ, ಆ ಸಿಟ್ಟು. ತಾಕತ್ತು ಇಲ್ಲಂತ! ನನಗ! ಎದ್ದು ನಿಂತೆ. ವಾಡಿಗೆ ದಿನಾ ಎಷ್ಟು ರೊಟ್ಟಿ ಹೋಗ್ತಾವ, ಚಿತ್ತಾಪುರಕ್ಕ ಎಷ್ಟು, ಲಗ್ನಕ್ಕ ಎಷ್ಟು, ಜೋಳಕ್ಕ ಕಟಗಿಗೆ ಹೋಗೋದೆಷ್ಟು, ಹೆಣ್ಮಕ್ಳ ಪಗಾರ ಎಷ್ಟು, ಎಲ್ಲಾ ಕಳದು ನನ್ನ ಕೈಯಾಗ ಉಳಿಯೋದೆಷ್ಟು, ಮನಿಯವರು ತರೋದೆಷ್ಟು, ಬಡಬಡ ಬಡಬಡ ಅಂದುಬಿಟ್ಟೆ. ನಾ ರೊಟ್ಟಿ ಬಡಿಯಾಕಿ, ನನ್ನ ಧ್ವನಿ ಸಣ್ಣದಲ್ಲ. ರೊಕ್ಕಾ ತುಂಬ್ಲಿಕ್ಕೆ ಪಾಳಿ ನಿಂತವರೆಲ್ಲಾ ಹೊಳ್ಳಿ ನೋಡಿದ್ರು. ಕಾಕು ಗಾಬರಿಯಾಗಿ "ಥೂ ಥೂ, ಸುಮ್ಮನಿರ ನಮ್ಮವ್ವ, ಎಷ್ಟು ಮಂದಿ ಕಣ್ಣದಾವ ಇಲ್ಲಿ" ಅಂತ ಅಲ್ಲೇ ನನ್ನ ಮಾರಿ ನಿವಾಳಿಸಿ ಲಟಕ್ಕಂತ ನೆಟಿಗಿ ಮುರಿದ್ಲು.

ಜನ್ಮದಾಗ ಮೊದಲ ಸಲ ನನ್ನ ಗಳಿಕಿ ನಾ ಬಾಯಿ ತುಂಬ ಹೇಳಿದ್ದು. ಎದಿ ಹಗುರಾಯ್ತು. ನಾ ಇಷ್ಟು ದುಡೀತೀನಿ ಅಂತ ನನಗೂ ಅವಾಗೇ ಪೂರಾ ತಿಳೀತು ಅನ್ರಿ.

ಸಾಹೇಬರು ನಕ್ಕರು, ಹೀಯಾಳಿಸಿ ಅಲ್ಲ. "ನೀವು ಹೇಳೋದು ಖರೆ ಅಂತ ನನಗ ಅನಸ್ತದ. ಆದ್ರ ಎಲ್ಲಾ ಕೈಯಿಂದ ಕೈಗೆ ನಗದು ಆಗ್ಯಾದ, ಖಾತ್ಯಾಗ ಏನೂ ಬಂದಿಲ್ಲ. ಬಂದು ನೋಡಿದವರೂ ಬ್ಯಾರೇನೇ ಬರದಾರ. ಇವತ್ತಿಂದ ಖಾತಿಗೆ ಹಾಕಸ್ರಿ, ಎರಡು ವರ್ಷ ಬಿಟ್ಟು ಬರ್ರಿ, ನೋಡೋಣು."

"ಸಾಹೇಬರ, ಕೂಸು ಎರಡು ವರ್ಷ ಹೊಟ್ಯಾಗ ಕುಂದ್ರಂಗಿಲ್ಲ" ಅಂದು ಹೊರಗ ಬಂದೆ.

ಓಣಿ ಬಾಯಿಗೆ ಬಂದ ಮ್ಯಾಲ ಕಾಕು "ನಾನೇ ಹಾಳ ಮಾಡಿದೆನಲ್ಲ ತಂಗಿ" ಅಂತ ಖರೇನೇ ಅತ್ಲು. "ಗಣಪತಿ ಮಾಡ್ಲಿಕ್ಕೆ ಹೋಗಿ ಅವರಪ್ಪನ್ನ ಮಾಡಿಟ್ರಿ ಕಾಕು" ಅಂದೆ. ಅಂದು ನಾನೇ ನಕ್ಕೆ, ಆಕಿನೂ ಅಳಕೋತೇ ನಕ್ಕಳು. ಏನ್ ಮಾಡೋದು? ಪ್ರೀತಿಲೇ ಮಾಡಿದ ಕೆಲಸಕ್ಕ ಎಷ್ಟಂತ ಸಿಟ್ಟಾಗೋದು.

ಮನಿಯವರಿಗೆ ಹೇಳಿದೆ. ಅವರು ಭಾಳ ಮೆತ್ತನ್ನ ಮನಷ್ಯ. ಬೀಡಿ ಆರಿಸಿದ್ರು. "ಬಿಡು, ಸೇಡಂದಾಗೇ ಆಗ್ಲಿ. ಅವರೇನು ಪರಕೀಯರೇನು?" ಅಂದ್ರು.

"ಪರಕೀಯರಲ್ಲ, ಆದ್ರ ಅದು ಆಕಿ ತವರಲ್ಲ" ಅಂದೆ. "ಊರ ಮಂದಿ ಮನಿಗೆಲ್ಲಾ ಪರ್ಸಿ ಕೂಡಿಸಿ ಬಂದೀರಿ. ಎಷ್ಟು ಮಿಸ್ತ್ರಿಗಳ ಮನಿಗೆ ರಜಾ ದಿನ ಮುಯ್ಯಿ ಹೋಗೀರಿ, ಲೆಕ್ಕ ಅದೇನು? ಒಬ್ಬರನ್ನರ ತಿರಗಿ ಕರದೀರೇನು? ನಿಮ್ಮ ಮಗಳಿಗೊಂದು ಮಾಳಗಿ ಹಾಕ್ಲಿಕ್ಕೆ ಆಗಂಗಿಲ್ಲಂದ್ರ ಆ ಕರ್ಣಿ ತಗೊಂಡು ಕಾಗಿಣಾ ಹೊಳಿಗೆ ಒಗದು ಬರ್ರಿ!"

ಮುಯ್ಯಿ ಅಂದ್ರ ಹಿಂಗ: ಇವತ್ತು ನಿನ್ನ ಮನಿಗೆ ನಾ ಪಗಾರಿಲ್ಲದ ದುಡೀತೀನಿ, ನಾಳೆ ನನ್ನ ಮನಿಗೆ ನೀ ಬರ್ತಿ. ಹೊಲದಾಗೂ ಅದ, ಮಿಸ್ತ್ರಿಗಳೊಳಗೂ ಅದ. ಆದ್ರ ಅದನ್ನ ಬಾಯಿ ಬಿಟ್ಟು ಕೇಳಂಗಿಲ್ಲ. ಕೇಳಿದ್ರ ಅದು ಉದ್ರಿ ವಸೂಲಿ ಆಗ್ತದ ಅಂತಾರ ನಮ್ಮ ಮನಿಯವರು. ಪಾಯಾ ಪೂಜಿಗೆ ಬರ್ರಿ ಅಂತಷ್ಟೇ ಕರೀಬೇಕು. ಬಂದವರು ಬರಿಗೈಲೆ ಬಂದ್ರ ಕಾಯಿ-ಸಕ್ರಿ ತಗೊಂಡು ಹೋಗ್ತಾರ. ಚೀಲದಾಗ ಹತ್ಯಾರ ಹಾಕ್ಕೊಂಡ ಬಂದ್ರ ಮುಯ್ಯಿಗೆ ಬಂದಾರಂತ ತಿಳ್ಕೋಬೇಕು. ಕರಿಯೋದು ನಮ್ಮ ಕೈಯಾಗ, ಹತ್ಯಾರ ತರೋದು ಅವರ ಮನಸಿನಾಗ.

ದೀಪಾವಳಿ ಆದ ಮ್ಯಾಲ ಒಂದು ರಜಾ ದಿನ ಪೂಜಿ ಇಟ್ವಿ. ನಾ ಕಾಯಿ, ಕುಂಕುಮ, ಉದಿನಕಡ್ಡಿ ಎಲ್ಲಾ ಹಿತ್ತಲದಾಗ ಹೊಂದಿಸಿ ಬಾಗಿಲಿಗೆ ಬಂದು ನಿಂತೆ. ಮನಿಯವರು ಮಾತ್ರ ಒಳಗ ಅರಿವಿ ಮಡಚ್ಲಿಕತ್ತಿದ್ರು, ಯಾರು ಬಂದ್ರು ಯಾರಿಲ್ಲ ಅಂತ ನೋಡೋ ಧೈರ್ಯ ಅವರಿಗೆ ಇರ್ಲಿಲ್ಲ. ಮೊದಲ ಇಬ್ಬರು ಬಂದ್ರು, ಇಬ್ಬರ ಹೆಗಲಿಗೂ ಚೀಲ ಇತ್ತು. ಚೀಲದಾಗ ಸುತ್ತಿಗಿ ಉಳಿಗೆ ತಾಗಿ ಕಣಕ್ ಅಂತು. ಯವ್ವಾ, ಆ ಸಪ್ಪಳ ಕೇಳಿ ನನಗ ಕುಣೀಬೇಕು ಅನಸಿತು! ಆಮ್ಯಾಲ ಬಂದ್ರು, ಬಂದ್ರು, ಬರಕೋತ ಹೋದ್ರು. ಒಬ್ಬ ಚಾಚಾ ವಾಡಿಯಿಂದ ಮೊದಲ ಗಾಡಿಗೆ ಬಂದಿದ್ರು. "ನನ್ನ ಮಗಳ ಲಗ್ನದ ಮುಂದ ನಿನ್ನ ಗಂಡ ಮೂರು ದಿನ ನಮ್ಮನಿ ಅಂಗಳಾ ಮಾಡಿ ಚಾ ಸೈತ ಕುಡೀದೆ ಹೋಗ್ಯಾನಮ್ಮ" ಅಂತ ನನಗ ಹೇಳಿದ್ರು. ನಮ್ಮ ಮನಿಯವರಿಗೆ ಅದು ನೆಪ್ಪೇ ಇರ್ಲಿಲ್ಲ. ಬರಿಗೈಲೆ ಬಂದವರು ಯಾರೂ ಇಲ್ಲ. ಮನಿಯವರು ಒಳಗಿನಿಂದ ಬಂದು ಆ ಚೀಲ ಎಲ್ಲಾ ನೋಡಿ ಮಾರಿ ಆ ಕಡಿ ತಿರುವಿದ್ರು. ನಾ ಮನಸಿನಾಗ ಅಂದೆ, ಬ್ಯಾಂಕಿನವರು ತಾಕತ್ತು ನೋಡ್ಬೇಕಂದ್ರ ಇವತ್ತು ಬರ್ಬೇಕಿತ್ತು.

ಕೆಲಸಕ್ಕ ಮುಯ್ಯಿ ಆತು, ಸಾಮಾನಿಗೆ ನಾ ಕೂಡಿಟ್ಟದ್ದು ಆತು. ಪಾಲಿಶ್ ಮಾಡೋ ಕಡಿ ಅಳತಿಗೆ ಬರದ ಪರ್ಸಿ ಅಗ್ಗಕ್ಕ ಸಿಕ್ಕವು. ಮಾಳಗಿಗೆ ಹಳೇ ಕಬ್ಬಿಣದ ಗರ್ಡರ್ ಮನಿಯವರು ಗುಜರಿಯಾಗ ಹುಡುಕಿ ತಂದ್ರು. ಕಾಕು ತನ್ನ ಬಿದ್ದ ಗ್ವಾಡಿ ಕಲ್ಲೆಲ್ಲಾ ಒಯ್ರಿ ಅಂದ್ಲು, ಒಂದೊಂದೇ ಬುಟ್ಟ್ಯಾಗ ತಾನೇ ಹೊತ್ತು ತಂದ್ಲು. ಬ್ಯಾಡ ಅಂದ್ರ ಕೇಳ್ಲಿಲ್ಲ. ಪ್ರತಿ ರಜಾಕ್ಕ ಕೆಲಸ, ಪ್ರತಿ ರಜಾಕ್ಕ ನನ್ನ ಊಟ: ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಮೊಸರು. "ಅತ್ತಿಗಿ, ಈ ಊಟಾ ಸಿಗ್ತದಂದ್ರ ಇನ್ನೊಂದು ಕೋಲಿ ಕಟ್ಟೋಣು" ಅಂತ ಮಿಸ್ತ್ರಿಗಳು ಚಾಷ್ಟಿ ಮಾಡೋರು.

ಚಲೋ ಚಲೋ ಉದ್ದನ್ನ ಪರ್ಸಿ ಎಲ್ಲಾ ಮಾಳಗಿಗೆ ಹೋದ್ವು. ಗರ್ಡರ್ ಮ್ಯಾಲ ಅವನ್ನ ಏರಿಸಿದ ದಿನ ಓಣ್ಯಾಗಿನ ಗಂಡಸರೆಲ್ಲಾ ಕೈ ಹಚ್ಚಿದ್ರು. ಮ್ಯಾಲ ಸಂದಿ ಮುಚ್ಚಿ ದಪ್ಪ ಮಣ್ಣು ಹಾಕಿ ಗಚ್ಚು ಮಾಡಿದ್ರು. ಉಳದದ್ದು ಚೂರು-ಪಾರು. ನೆಲಾ ಮಾತ್ರ ಮನಿಯವರು ಯಾರಿಗೂ ಮುಟ್ಟಗೊಡ್ಲಿಲ್ಲ. ಒಂದು ಬೂದಿ ಬಣ್ಣ, ಒಂದು ಹಸರು ಹೊಡೀತದ, ಒಂದು ಮೂಲಿ ಮುರದದ್ದು, ಎಲ್ಲಾ ತುಣಕು ಒಂದಕ್ಕೊಂದು ತಿಕ್ಕಿ ತಿಕ್ಕಿ ಕೂಡಿಸಿದ್ರು. ಕೋಲಿ ಮೂಲ್ಯಾಗಿನ ಬಚ್ಚಲದಾಗ ಬಾಣಂತಿ ಕುಂದ್ರಲಿಕ್ಕೆ ಒಂದು ಅಗಲನ್ನ ಕಲ್ಲು ಇಟ್ರು, ಅಂಚೆಲ್ಲಾ ಸವರಿ ಮೆತ್ತಗ ಮಾಡಿದ್ರು. ನಾ ಎಷ್ಟೋ ಸಾವ್ಕಾರರ ಮನಿಗೆ ರೊಟ್ಟಿ ಕೊಡ್ಲಿಕ್ಕೆ ಹೋಗೀನಿ, ಇಂಥಾ ನೆಲಾ ಎಲ್ಲೂ ನೋಡಿಲ್ಲ. ನನ್ನ ಗಂಡ ಮಾಡಿದ್ದಂತ ಹೇಳ್ಲಿಕತ್ತಿಲ್ಲ. ಅಲ್ಲ, ಅದಕ್ಕೇ ಹೇಳ್ಲಿಕತ್ತೀನಿ, ಯಾಕ ಹೇಳಬಾರದು?

ಕುಬಸಕ್ಕ ಇನ್ನಾ ವಾರ ಇರುವಾಗ ಬೀಗತಿ ಬಂದ್ಲು. ಸೇಡಂನಿಂದ ರೈಲು ಹಿಡದು, ವಾಡ್ಯಾಗ ಇಳದು ಬ್ಯಾರೆ ಗಾಡಿ ಹತ್ತಿ, ಒಬ್ಬಾಕಿನೇ. ಅವಾಗೇ ಬಿಸಲು ಸುರು ಆಗಿತ್ತು, ಮಾರಿ ಕೆಂಪಗಾಗಿತ್ತು. ನೀರು ಕುಡದಾಕಿನೇ "ಎಲ್ಲಿ ನಿಮ್ಮ ಕೋಲಿ?" ಅಂದ್ಲು.

ನಾ ಮುಂದ ಮುಂದ ನಡದೆ. ಆಕಿ ಬಾಗಿಲದಾಗ ನಿಂತು ಮೊದಲ ಮ್ಯಾಲ ನೋಡಿದ್ಲು. ಗ್ವಾಡಿಗೆ ಬೆರಳ ಗಿಣ್ಣಿಲೆ ಬಡದು ನೋಡಿದ್ಲು. ಪಡಸಾಲಿ ಹೊಗಿ ಬರ್ತದೇನಂತ ಮೂಗು ಎತ್ತಿ ನೋಡಿದ್ಲು. ಬಚ್ಚಲಕ್ಕ ಹೋಗಿ ನೀರು ಹೊರಗ ಹೋಗೋ ದಾರಿ ನೋಡಿದ್ಲು. ನಾ ಸೆರಗು ನಡಕ್ಕ ಸಿಗಿಸಿ ಸಿದ್ಧ ನಿಂತಿದ್ದೆ, ಏನರ ಕೊಂಕು ತಗದ್ರ ಜವಾಬು ನಾಲಿಗಿ ತುದಿಗಿತ್ತು. ಆಕಿ ಚಪ್ಪಲಿ ಬಿಟ್ಟು ನೆಲದ ಮ್ಯಾಲ ಕುಂತ್ಲು. ಕೈಲೆ ಪರ್ಸಿ ಸವರಿದ್ಲು. "ಭಾಳ ತಂಪ ಅದ" ಅಂದ್ಲು. ಆಮ್ಯಾಲ ಸೆರಗು ತಲಿ ಕೆಳಗ ಮಡಚಿ ಅಲ್ಲೇ ಅಡ್ಡಾದಾಕಿ ಹಂಗೇ ನಿದ್ದಿ ಹೋದ್ಲು!

ನಾ ಏನ್ ಮಾಡ್ಲಿ? ಪಡಸಾಲಿಗೆ ಬಂದು ಹೆಣ್ಮಕ್ಳಿಗೆ "ಮೆಲ್ಲಕ ಬಡೀರಿ" ಅಂದೆ. ರೊಟ್ಟಿ ಎಲ್ಲ್ಯಾರ ಮೆಲ್ಲಕ ಬಡೀಲಿಕ್ಕೆ ಬರ್ತದೇನು? ಅವರು ಬಾಯಿಗೆ ಸೆರಗು ಹಿಡದು ನಕ್ಕರು.

ಎದ್ದ ಮ್ಯಾಲ ಚಾ ಒಯ್ದೆ. ಬೀಗತಿ ಗ್ವಾಡಿಗೆ ಆತು ಕುಂತಿದ್ಲು, ತುರುಬು ಬಿಚ್ಚಿತ್ತು. ಬಶ್ಯಾಗ ಚಾ ಸುರುವಿಕೊಂಡು, ನನ್ನ ಕಡಿ ನೋಡ್ದೇ ಮಾತಾಡಿದ್ಲು.

"ನನ್ನ ತವರು ಚಿಂಚೋಳಿ ಕಡಿ. ನಮ್ಮವ್ವ ಕೂಲಿ ಮಾಡಾಕಿ. ಒಂದೇ ಗುಡಿಸಲ, ಅದರಾಗೇ ಆರು ಮಂದಿ. ನನ್ನ ಚೊಚ್ಚಲಕ್ಕ 'ಅಲ್ಲೆಲ್ಲಿ ಮಲಗ್ತಿ' ಅಂತ ನಮ್ಮತ್ತಿ ಕಳಸ್ಲೇ ಇಲ್ಲ. ಎರಡನೇದಕ್ಕೂ ಇಲ್ಲ. ನಮ್ಮವ್ವ ಕೂಸಿನ್ನ ನೋಡ್ಲಿಕ್ಕೆ ಬಂದಾಕಿ, ಬೀಗರ ಮನಿ ಅಂತ ಬಾಗಿಲಿಗೇ ಕುಂತಿದ್ಲು. ನನಗ ಎಣ್ಣಿ ಹಚ್ತೀನಿ ಅನ್ಲಿಕ್ಕೆ ಆಕಿಗೆ ಬಾಯಿ ಬರ್ಲಿಲ್ಲ. ಚಾ ಕುಡದು ಹೋದ್ಲು. ಅಷ್ಟೇ ನನ್ನ ಬಾಣಂತನ."

ನನ್ನ ನಾಲಿಗಿ ತುದಿಗಿದ್ದ ಜವಾಬು ಎಲ್ಲಾ ನುಂಗಿದೆ. ಇಷ್ಟು ತಿಂಗಳು ಈಕಿ ಮ್ಯಾಲ ಹಲ್ಲು ಕಡದಿದ್ನಲ್ಲ ಅಂತ ಕೆಟ್ಟನಿಸಿತು. "ಅಕ್ಕಾ, ನಿಮ್ಮ ಸೊಸಿ ಬಾಣಂತನಕ್ಕ ನೀವೂ ಬಂದು ನಾಕು ದಿನ ಇರ್ಬೇಕು" ಅಂದೆ.

"ಬೀಗರ ಮನ್ಯಾಗ ನಾ ಯಾಕ ಇರ್ಲಿ" ಅಂದ್ಲು. ಹೋಗುವಾಗ ಚಪ್ಪಲಿ ಮೆಟಗೋತ ಅಂದ್ಲು: "ಕುಬಸದ ದಿನಾನೇ ಕರ್ಕೊಂಡ ಹೋಗ್ರಿ. ತಡಾ ಮಾಡಬ್ಯಾಡ್ರಿ."

ಕರ್ಕೊಂಡ ಬಂದೆ. ನನ್ನ ಮಗಳು ಕೋಲಿ ನೋಡಿ, ಅಪ್ಪನ ನೆಲದ ಮ್ಯಾಲ ಬರಿಗಾಲಿಲೆ ಆ ಕಡಿಯಿಂದ ಈ ಕಡಿ ನಡದು ನೋಡಿದ್ಲು. ದಿನ ತುಂಬಿ ದವಾಖಾನ್ಯಾಗ ಹೆಣ್ಣುಕೂಸು ಹಡದ್ಲು. ಹೊರಗ ಬೆಂಕಿ ಸುರದಂಗ ಬಿಸಲು, ಹಕ್ಕಿ ಸೈತ ಹಾರ್ತಿರ್ಲಿಲ್ಲ. ಒಳಗ ತಾಯಿ-ಕೂಸು ಇಬ್ಬರೂ ತಣ್ಣಗ ನಿದ್ದಿ ಮಾಡೋರು. ನಾ ಒಲಿ ಹೊತ್ತಸಿ ಹೆಣ್ಮಕ್ಳನ್ನ ಕೆಲಸಕ್ಕ ಹಚ್ಚಿ ಬಂದು, ಮಗಳ ತಲಿಗೆ ಎಣ್ಣಿ ಒತ್ತಿ, ಬೆನ್ನು ತಿಕ್ಕಿ, ಹಂಡೇದ ಬಿಸಿನೀರು ಎರೀತಿದ್ದೆ. ಆಕಿ "ಸುಡ್ತದ ಅವ್ವಾ" ಅಂತ ಚೀರೋದು, ನಾ "ಸುಡ್ಲಿ ಸುಮ್ಮ ಕುಂಡ್ರ" ಅನ್ನೋದು, ಅದು ಓಣಿಗೆಲ್ಲಾ ಕೇಳಸ್ತಿತ್ತು.

ಐದನೇ ದಿನ ಬೀಗತಿ ಬಂದ್ಲು, ಕೂಸಿಗೆ ಕುಲಾಯಿ-ಕುಂಚಗಿ ತಂದಿದ್ಲು. ಇರಂಗಿಲ್ಲ ಅಂದಾಕಿ ಇದ್ಲು. ಮರುದಿನ ಮುಂಜಾನಿ ನಾ ಮಗಳಿಗೆ ಎರಿಯೋದನ್ನ ಬಾಗಿಲದಾಗ ನಿಂತು ನೋಡ್ಕೋತಿದ್ಲು. ಮಗಳನ್ನ ಒರಸಿ, ತಲಿಗೆ ಕಟ್ಟಿ, ಮಲಗಿಸಿ ಬಂದೆ. ಹಂಡೇದಾಗ ಇನ್ನಾ ನೀರಿತ್ತು, ಬಟ್ಟಲದಾಗ ಎಣ್ಣಿ ಇತ್ತು.

"ಬರ್ರಿ ಅಕ್ಕಾ, ಕುಂದ್ರ್ರಿ" ಅಂದೆ.

"ನನಗ್ಯಾಕ? ಹುಚ್ಚ ಹಿಡದದೇನು ನಿಮಗ? ಮೊಮ್ಮಕ್ಕಳನ್ನ ಕಂಡಾಕಿ ನಾ."

"ಕುಂದ್ರ್ರಿ ಅಂದೆ."

ನಾ ಹಂಗ ಅಂದ್ರ ನಮ್ಮನ್ಯಾಗ ಯಾರೂ ನಿಂದ್ರಂಗಿಲ್ಲ. ಆಕಿ ಆ ಕಡಿ ಈ ಕಡಿ ನೋಡಿ, ಮೆಲ್ಲಕ ಬಂದು ಕಲ್ಲಿನ ಮ್ಯಾಲ ಕುಂತ್ಲು. ಬಿಳಿ ಕೂದಲ ಬಿಚ್ಚಿದೆ. ನಡು ನೆತ್ತಿಗೆ ಎಣ್ಣಿ ಹಾಕಿ ಎರಡೂ ಕೈಲೆ ಬಡದು ಬಡದು ಇಂಗಿಸಿದೆ, ಹೆಗಲು ತಿಕ್ಕಿದೆ, ಬೆನ್ನು ತಿಕ್ಕಿದೆ. ಆಕಿ ಬೆನ್ನು ಅಲುಗ್ಲಿಕತ್ತಿತ್ತು. ತಂಬಗಿ ತುಂಬಿ ನೆತ್ತಿ ಮ್ಯಾಲ ನೀರು ಬಿಟ್ಟೆ.

ಕಣ್ಣು ಮುಚ್ಚಿಕೊಂಡೇ ಅಂದ್ಲು, "ಇನ್ನಾ ಸ್ವಲ್ಪ ಬಿಸಿ ಇರ್ಲಿ, ಯವ್ವಾ."

ನಾ ಹಂಡೇದಾಗ ತಂಬಗಿ ಅದ್ದಿದೆ.